ರುಜುವಾತು ಯಾರ ಹೊಣೆ? ದ್ಯುತಿ ಚಂದ್ ಅವಾರ್ಡಿನಿಂದ ಶುರುವಾದ ಒಂದು ಪ್ರಬಂಧ

2015ರ ಜುಲೈ ಕೊನೆಯಲ್ಲಿ ಕ್ರೀಡಾಪುಟಗಳ ತುಂಬ ಒಂದೇ ಸುದ್ದಿ: ಓಟಗಾರ್ತಿ ದ್ಯುತಿ ಚಂದ್ ಗೆದ್ದರು. ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಮಂಡಳಿ, ಅಂದರೆ ಸಿಎಎಸ್, ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟದ ನಿಯಮವೊಂದಕ್ಕೆ ತಡೆ ಕೊಟ್ಟಿತ್ತು. ಒಡಿಶಾದ ನೇಕಾರ ಕುಟುಂಬದ ಹುಡುಗಿ ಮತ್ತೆ ಟ್ರ್ಯಾಕಿಗೆ ಇಳಿಯಬಹುದಿತ್ತು. ನನಗೂ ಸಂತೋಷವಾಯಿತು. ಆಮೇಲೆ ಅವಾರ್ಡನ್ನು, ಅಂದರೆ ಮಧ್ಯಸ್ಥಿಕೆ ಪೀಠದ ತೀರ್ಪನ್ನು, ಇಳಿಸಿಕೊಂಡು ಮೊದಲ ಪ್ಯಾರಾದಿಂದ ಓದಲು ಕೂತೆ. ನೂರೈವತ್ತು ಪುಟ ಮೀರಿದ ದಾಖಲೆ ಅದು. ಮುಗಿಸುವ ಹೊತ್ತಿಗೆ ಸುದ್ದಿಯಲ್ಲಿದ್ದ 'ಗೆಲುವು' ಅಲ್ಲಿ ಕಾಣಲಿಲ್ಲ. ಕಂಡದ್ದು ಅದಕ್ಕಿಂತ ಗಟ್ಟಿಯಾದ, ಆದರೆ ಅಷ್ಟೇ ನಾಜೂಕಾದ ಬೇರೊಂದು ಸಂಗತಿ. ನಾನು ಕಾನೂನು ಪಾಠ ಹೇಳುವವಳು. ಅಲ್ಲಿಂದ ಹುಟ್ಟಿದ ಒಂದು ಪ್ರಬಂಧ ವರ್ಷಗಟ್ಟಲೆ ನನ್ನ ಜೊತೆ ನಡೆಯಿತು. ಅದನ್ನು ಬರೆದ ಬಗೆಯನ್ನು ಇಲ್ಲಿ ಹೇಳಬೇಕೆನಿಸಿದೆ.

ಮೊದಲು ವಿಷಯ. 2011ರಲ್ಲಿ ಒಕ್ಕೂಟ ಒಂದು ನಿಯಮ ಮಾಡಿತು. ಮಹಿಳಾ ಅಥ್ಲೀಟಿನ ದೇಹವೇ ಸಹಜವಾಗಿ ಉತ್ಪಾದಿಸುವ ಟೆಸ್ಟೋಸ್ಟೆರಾನ್ (ಗಂಡಸರಲ್ಲಿ ಹೆಚ್ಚಾಗಿರುವ ಹಾರ್ಮೋನು) ರಕ್ತದಲ್ಲಿ ಲೀಟರಿಗೆ 10 ನ್ಯಾನೋಮೋಲ್ ಮುಟ್ಟಿದರೆ, ದೇಹ ಆ ಹಾರ್ಮೋನಿಗೆ ಸ್ಪಂದಿಸುವುದಿಲ್ಲ ಎಂದು ತೋರದ ಹೊರತು, ಆಕೆ ಮಹಿಳಾ ವಿಭಾಗದಲ್ಲಿ ಸ್ಪರ್ಧಿಸುವಂತಿಲ್ಲ; ಚಿಕಿತ್ಸೆಯಿಂದ ಇಳಿಸಿಕೊಂಡು ಬರಬೇಕು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮುಂಚೆ ದ್ಯುತಿಯನ್ನು ಕೈಬಿಟ್ಟರು. ಆಗ ಆಕೆಗಿನ್ನೂ ಹದಿನೆಂಟು. ಚಿಕಿತ್ಸೆ ಒಲ್ಲೆ ಎಂದ ಆಕೆ ಸಿಎಎಸ್‌ಗೆ ಹೋದರು. ಕೆನಡಾದ ವಕೀಲರು ಶುಲ್ಕವಿಲ್ಲದೆ ವಾದಿಸಿದರು.

ಪೀಠ ಏನು ಮಾಡಿತು ಎನ್ನುವುದರಲ್ಲೇ ನನ್ನ ಆಸಕ್ತಿ ಇದ್ದದ್ದು. ನಿಯಮ ತಾರತಮ್ಯದ್ದು ಎಂದು ಮೇಲ್ನೋಟಕ್ಕೆ ತೋರಿಸುವುದು ದ್ಯುತಿಯ ಹೊಣೆ. ಅದು ಕಷ್ಟವಿರಲಿಲ್ಲ: ನಿಯಮ ಹೆಂಗಸರಿಗೆ ಮಾತ್ರ, ಅದೂ ಹುಟ್ಟಿನಿಂದ ಬಂದ ಲಕ್ಷಣವೊಂದರ ಮೇಲೆ. ಅಷ್ಟಾದ ಕೂಡಲೇ ಹೊಣೆ ಒಕ್ಕೂಟದ ಕಡೆ ತಿರುಗಿತು. ಈ ತಾರತಮ್ಯ ಅಗತ್ಯ, ಸಮಂಜಸ ಮತ್ತು ಉದ್ದೇಶಕ್ಕೆ ತಕ್ಕಷ್ಟೇ ಇದೆ ಎಂದು ಅದು ರುಜುವಾತು ಮಾಡಬೇಕಾಯಿತು. ಟೆಸ್ಟೋಸ್ಟೆರಾನಿಗೂ ಕ್ರೀಡಾ ಸಾಮರ್ಥ್ಯಕ್ಕೂ ಸಂಬಂಧವಿದೆ ಎನ್ನುವುದನ್ನು ಪೀಠ ಒಪ್ಪಿತು. ಆದರೆ ಎಷ್ಟು? ಅಗ್ರಮಟ್ಟದಲ್ಲಿ ಗಂಡಸರಿಗೂ ಹೆಂಗಸರಿಗೂ ಹತ್ತರಿಂದ ಹನ್ನೆರಡು ಶೇಕಡಾ ಅಂತರವಿದೆ. ಹೆಚ್ಚು ಟೆಸ್ಟೋಸ್ಟೆರಾನ್ ಇರುವ ಹೆಂಗಸಿಗೆ ಅದರ ಹತ್ತಿರ ಹೋಗುವಷ್ಟು ಅನುಕೂಲ ಸಿಗುತ್ತದೆಯೇ, ಅಥವಾ ಒಳ್ಳೆಯ ಕೋಚ್, ಒಳ್ಳೆಯ ಆಹಾರ ಸಿಕ್ಕವರಿಗೆ ಆಗುವಷ್ಟೇ ಅನುಕೂಲವೇ? ಒಕ್ಕೂಟದ ಬಳಿ ಈ ಅಳತೆಗೆ ಪುರಾವೆ ಇರಲಿಲ್ಲ. ಎರಡು ವರ್ಷದೊಳಗೆ ತನ್ನಿ, ಅಲ್ಲಿಯವರೆಗೆ ನಿಯಮ ಅಮಾನತು ಎಂದಿತು ಪೀಠ. ಅಂದರೆ ಅದು ಮಧ್ಯಂತರ ಅವಾರ್ಡ್. ದ್ಯುತಿ ಸರಿ ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ಒಕ್ಕೂಟ ಇನ್ನೂ ತೋರಿಸಿಲ್ಲ ಎಂದಷ್ಟೇ ಬರೆದಿದೆ.

ಕಾನೂನು ಓದದವರಿಗೆ ಇದು ಕೂದಲು ಸೀಳಿದಂತೆ ಕಾಣಬಹುದು. ಆದರೆ ಹೊಣೆ ಆಕೆಯ ಮೇಲೇ ಉಳಿದಿದ್ದರೆ, 'ನನಗೆ ಅನುಕೂಲವಿಲ್ಲ' ಎಂದು ಸಾಬೀತು ಮಾಡಲು ಆ ಹುಡುಗಿ ಯಾವ ಪ್ರಯೋಗಾಲಯಕ್ಕೆ ಹೋಗಬೇಕಿತ್ತು? ಜಗತ್ತಿನ ಅಥ್ಲೀಟುಗಳ ರಕ್ತದ ದತ್ತಾಂಶ ಇರುವುದು ಒಕ್ಕೂಟದ ಕೈಯಲ್ಲಿ. ಪುರಾವೆ ಯಾರ ಬೀರುವಿನಲ್ಲಿದೆಯೋ ರುಜುವಾತಿನ ಹೊಣೆಯೂ ಅವರದೇ ಆಗಬೇಕು. ನನ್ನ ಪ್ರಬಂಧದ ತಿರುಳು ಇದಿಷ್ಟೇ. ಇಷ್ಟು ಹೇಳಲು ಅಷ್ಟು ವರ್ಷ ಬೇಕಾಯಿತು, ಯಾಕೆಂದರೆ ನಾನು ಬರೆದಂತೆಲ್ಲ ಜಗತ್ತು ಮುಂದೆ ಓಡುತ್ತಿತ್ತು.

ಮೊದಲ ಕೆಲಸವಾಗಿ ಉದ್ದ ಹಾಳೆಯೊಂದನ್ನು ಮೂರು ಕಾಲಂ ಮಾಡಿಕೊಂಡೆ. ಯಾರು ಹೇಳುತ್ತಿದ್ದಾರೆ, ಅದನ್ನು ಯಾರು ರುಜುವಾತು ಮಾಡಬೇಕು, ಯಾವ ಸಾಕ್ಷ್ಯ ಬಂದಿದೆ. ಅವಾರ್ಡಿನ ಒಂದೊಂದು ಪ್ಯಾರಾವನ್ನೂ ಇದರೊಳಗೆ ಇಳಿಸುತ್ತ ಹೋದೆ. ತಜ್ಞ ವೈದ್ಯರ ಸಾಕ್ಷ್ಯ ಒಂದು ಕಡೆ, ಮ್ಯಾರಥಾನ್ ಓಟಗಾರ್ತಿ ಪೌಲಾ ರ‍್ಯಾಡ್‌ಕ್ಲಿಫ್ ಒಕ್ಕೂಟದ ಪರವಾಗಿ ಹೇಳಿದ್ದು ಇನ್ನೊಂದು ಕಡೆ. ಹೀಗೆ ಬರೆದಾಗಲೇ ಗೊತ್ತಾದದ್ದು, ಕೆಲವು ಸಾಲುಗಳ ಮುಂದೆ ಮೂರನೆಯ ಕಾಲಂ ಖಾಲಿ ಉಳಿಯುತ್ತಿದೆ ಎಂದು. ಎರಡೂ ಕಡೆಯವರು ಬಲವಾಗಿ ನಂಬಿದ್ದ, ಆದರೆ ಯಾರೂ ಅಳೆಯದಿದ್ದ ಸಂಗತಿಗಳು ಅವು. ನನ್ನ ಕೈಕೆಳಗೆ ಸಂಶೋಧನೆ ಮಾಡುವವರಿಗೆ ಈಗಲೂ ಇದನ್ನೇ ಹೇಳುತ್ತೇನೆ: ತೀರ್ಪಿನ ಕೊನೆಯ ಆದೇಶ ಓದಿ ಟಿಪ್ಪಣಿ ಬರೆಯಬೇಡಿ, ಖಾಲಿ ಉಳಿದ ಜಾಗ ಹುಡುಕಿ.

ಆ ವರ್ಷ ಅದನ್ನು ಕ್ಲಾಸಿಗೂ ಒಯ್ದೆ. ಅರ್ಧ ಕ್ಲಾಸು ದ್ಯುತಿ ಪರ, ಅರ್ಧ ಒಕ್ಕೂಟದ ಪರ. ಭಾರತದ ವಿದ್ಯಾರ್ಥಿಗಳು ಸಹಜವಾಗಿ ಸಂವಿಧಾನದಿಂದ ಶುರುಮಾಡುತ್ತಾರೆ: ಸಮಾನತೆಯ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ, ರಿಟ್ ಅರ್ಜಿ. 2005ರ ಝೀ ಟೆಲಿಫಿಲ್ಮ್ಸ್ ತೀರ್ಪು ಅವರಿಗೆ ಬಾಯಿಪಾಠ. ಕ್ರಿಕೆಟ್ ಮಂಡಳಿ 12ನೇ ವಿಧಿಯ ಅರ್ಥದಲ್ಲಿ 'ರಾಜ್ಯ', ಅಂದರೆ ಸರ್ಕಾರದ ಅಂಗ, ಅಲ್ಲ, ಆದರೆ ಸಾರ್ವಜನಿಕ ಕೆಲಸ ಮಾಡುವುದರಿಂದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು ಎಂದು ಮೂರು–ಎರಡರ ಬಹುಮತದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ವಾದ ಜೋರಾಗಿ ನಡೆದಿತ್ತು. ಆಗ ಹಿಂದಿನ ಬೆಂಚಿನಿಂದ ಓಟಗಾರ್ತಿಯಾಗಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು, "ಮೇಡಂ, ಹೈಕೋರ್ಟು ನಮ್ಮ ರಾಷ್ಟ್ರೀಯ ಫೆಡರೇಶನ್ನಿಗೆ ಆದೇಶ ಕೊಡಬಹುದು. ನಿಯಮ ಮಾಡಿದವರು ಇಲ್ಲಿಲ್ಲವಲ್ಲ?" ಎಂದಳು. ಆಮೇಲೆ ಬ್ಯಾಗಿನಿಂದ ತಾನು ಸಹಿ ಹಾಕಿದ್ದ ನೋಂದಣಿ ಫಾರಂ ತೆಗೆದು ತೋರಿಸಿದಳು. ಸಣ್ಣಕ್ಷರದ ಸಾಲೊಂದು: ಸಂಸ್ಥೆಯ ನಿಯಮಗಳಿಗೆ ಒಪ್ಪಿದ್ದೇನೆ, ವಿವಾದವಾದರೆ ಸಂಸ್ಥೆ ಹೇಳಿದ ವೇದಿಕೆಗೇ ಹೋಗುತ್ತೇನೆ. ಸಹಿ ಹಾಕದಿದ್ದರೆ ಎದೆಗೆ ನಂಬರ್ ಸಿಗುವುದಿಲ್ಲ. ಅಲ್ಲಿಯವರೆಗೆ ನನ್ನ ಪ್ರಬಂಧ 'ಯಾರು ರುಜುವಾತು ಮಾಡಬೇಕು' ಎಂಬುದರ ಸುತ್ತ ಇತ್ತು. ಆ ಫಾರಂ ನೋಡಿದ ಮೇಲೆ 'ಯಾರ ಮುಂದೆ' ಎಂಬ ಎರಡನೆಯ ಅರ್ಧ ಸೇರಿಕೊಂಡಿತು.

ಈ 'ಯಾರ ಮುಂದೆ' ಎಂಬುದಕ್ಕೆ ತನ್ನದೇ ಚರಿತ್ರೆ ಇದೆ. ಸಿಎಎಸ್ ಶುರುವಾದದ್ದು 1984ರಲ್ಲಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಆಶ್ರಯದಲ್ಲಿ. 1993ರಲ್ಲಿ ಗುಂಡೆಲ್ ಎಂಬ ಕುದುರೆ ಸವಾರರ ಪ್ರಕರಣದಲ್ಲಿ ಸ್ವಿಸ್ ಫೆಡರಲ್ ನ್ಯಾಯಾಲಯ ಇದು ನಿಜವಾದ ಮಧ್ಯಸ್ಥಿಕೆಯೇ ಎಂದು ಒಪ್ಪುತ್ತಲೇ, ಒಲಿಂಪಿಕ್ ಸಮಿತಿಯ ಜೊತೆಗಿನ ನಂಟನ್ನು ಬೊಟ್ಟುಮಾಡಿ ತೋರಿಸಿತು. ಮರುವರ್ಷವೇ ಸಿಎಎಸ್ ನಡೆಸಲು ಬೇರೆ ಮಂಡಳಿಯಾಯಿತು. ಜರ್ಮನಿಯ ಸ್ಪೀಡ್ ಸ್ಕೇಟರ್ ಕ್ಲಾಡಿಯಾ ಪೆಖ್‌ಸ್ಟೈನ್ ತಮ್ಮ ಮೇಲಿನ ನಿಷೇಧದ ವಿರುದ್ಧ ವರ್ಷಾನುಗಟ್ಟಲೆ ಹೋರಾಡಿದರು. ಸಿಎಎಸ್‌ಗೇ ಹೋಗುವ ಒಪ್ಪಂದಕ್ಕೆ ಆಕೆ ಸ್ವಇಚ್ಛೆಯಿಂದಲೇ ಸಹಿ ಮಾಡಿದ್ದಾರೆ ಎಂದು 2016ರಲ್ಲಿ ಜರ್ಮನಿಯ ಫೆಡರಲ್ ನ್ಯಾಯಾಲಯ ಹೇಳಿತು. ಸಹಿ ಹಾಕು, ಇಲ್ಲವೇ ಆಟ ಬಿಡು ಎನ್ನುವಾಗ ಅದು ಕಡ್ಡಾಯದ ಮಧ್ಯಸ್ಥಿಕೆಯೇ ಎಂದು 2018ರಲ್ಲಿ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯ ಹೇಳಿತು. ಬಹಿರಂಗ ವಿಚಾರಣೆ ಕೊಡದೆ ಹೋದದ್ದು ತಪ್ಪು ಎಂದಿತು. 2022ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ 2016ರ ತೀರ್ಪನ್ನೇ ತೆಗೆದುಹಾಕಿತು. ನನ್ನ ವಿದ್ಯಾರ್ಥಿನಿಯ ಫಾರಂ ಮತ್ತು ಪೆಖ್‌ಸ್ಟೈನ್ ಸಹಿ ಮಾಡಿದ ಒಪ್ಪಂದ ಒಂದೇ ಜಾತಿಯವು. ಪ್ರಬಂಧದ ಎರಡನೆಯ ಭಾಗ ಈ ಸಾಲಿನಿಂದಲೇ ಶುರುವಾಯಿತು.

ಕರಡು ಒಂದು ಹದಕ್ಕೆ ಬರುವಷ್ಟರಲ್ಲಿ 2018ರ ಏಪ್ರಿಲ್ ಬಂತು. ಒಕ್ಕೂಟ ಹಳೆಯ ನಿಯಮ ಕೈಬಿಟ್ಟು ಹೊಸದನ್ನು ತಂದಿತು. ಮಿತಿ 10ರಿಂದ 5 ನ್ಯಾನೋಮೋಲಿಗೆ ಇಳಿದಿತ್ತು, ಆದರೆ 400 ಮೀಟರಿನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ. ದ್ಯುತಿ 100 ಮತ್ತು 200 ಮೀಟರ್ ಓಡುವವರು. ಅವರು ಹೊರಗುಳಿದರು, ಅವರ ಪ್ರಕರಣ ಅಲ್ಲಿಗೆ ಮುಗಿಯಿತು. ನಡುವೆ ಸಿಕ್ಕಿಬಿದ್ದವರು ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ, 800 ಮೀಟರಿನ ಒಲಿಂಪಿಕ್ ಚಾಂಪಿಯನ್. ಈ ನಿಯಮದ ವಿರುದ್ಧ ಆಕೆಯೂ ಸಿಎಎಸ್‌ಗೆ ಹೋದರು.

ಈ ಹೊಸ ನಿಯಮದ ಹಿಂದಿದ್ದ ಮುಖ್ಯ ಆಧಾರಗಳಲ್ಲಿ 2017ರಲ್ಲಿ ಪ್ರಕಟವಾದ ಒಂದು ವೈಜ್ಞಾನಿಕ ಲೇಖನವೂ ಸೇರಿತ್ತು. ಬರೆದವರು ಒಕ್ಕೂಟದ ಜೊತೆ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳೇ. ಕಾನೂನು ಓದಿದ ನನಗೆ ಅದರ ಕೋಷ್ಟಕಗಳು ಅರ್ಥವಾಗುವಂತಿರಲಿಲ್ಲ. ಸಂಖ್ಯಾಶಾಸ್ತ್ರ ಕಲಿಸುವ ಸಹೋದ್ಯೋಗಿಯ ಕೋಣೆಗೆ ಹೋಗಿ, "ನನಗೆ ಮಗುವಿಗೆ ಹೇಳಿದ ಹಾಗೆ ಹೇಳಿಕೊಡಿ" ಎಂದೆ. ಅವರು ಮೊದಲು ಕೇಳಿದ್ದು ಫಲಿತಾಂಶವನ್ನಲ್ಲ. ಎಷ್ಟು ಸ್ಪರ್ಧೆಗಳನ್ನು ಪರೀಕ್ಷಿಸಿದ್ದಾರೆ, ಅದರಲ್ಲಿ ಎಷ್ಟರಲ್ಲಿ ಸಂಬಂಧ ಕಂಡಿತು, ಉಳಿದವುಗಳನ್ನು ಏನು ಮಾಡಿದರು ಎಂದು ಕೇಳಿದರು. ಬಹಳ ಕಡೆ ಹುಡುಕಿದರೆ ಎಲ್ಲೋ ಒಂದೆರಡು ಕಡೆ ಆಕಸ್ಮಿಕವಾಗಿಯೂ ಸಂಬಂಧ ಕಂಡೀತು ಎಂದು ವಿವರಿಸಿದರು. ಬೇರೆ ಸಂಶೋಧಕರು ಆ ಲೇಖನದ ದತ್ತಾಂಶ ಪರಿಶೀಲಿಸಿ ತಪ್ಪುಗಳನ್ನು ತೋರಿಸಿದ್ದರು. 2021ರಲ್ಲಿ ಅದೇ ಪತ್ರಿಕೆಯಲ್ಲಿ ತಿದ್ದುಪಡಿ ಬಂತು: ತಮ್ಮ ಶೋಧ ಅನ್ವೇಷಣೆಯ ಹಂತದ್ದು, ಅದನ್ನು ಕಾರ್ಯಕಾರಣ ಸಂಬಂಧದ ದೃಢೀಕರಣವೆಂದು ಓದಬಾರದು ಎಂದು ಲೇಖಕರೇ ಬರೆದರು. ಅಷ್ಟರಲ್ಲಿ ಸೆಮೆನ್ಯಾ ಪ್ರಕರಣದಲ್ಲಿ ಸಿಎಎಸ್ ತೀರ್ಪು ಬಂದು ಎರಡು ವರ್ಷ ಕಳೆದಿತ್ತು.

2019ರ ಮೇ 1ರಂದು ಹೊರಬಿದ್ದ ಸೆಮೆನ್ಯಾ ಅವಾರ್ಡನ್ನೂ ಅದೇ ಮೂರು ಕಾಲಂ ಇಟ್ಟುಕೊಂಡೇ ಓದಿದೆ. ನಿಯಮ ತಾರತಮ್ಯದ್ದೇ, ಆದರೆ ಮಹಿಳಾ ವಿಭಾಗ ಕಾಪಾಡಲು ಅಗತ್ಯ ಮತ್ತು ಸಮಂಜಸ ಎಂದು ಇಬ್ಬರು, ಅಲ್ಲವೆಂದು ಒಬ್ಬರು. ಬಹುಮತವೇ 1500 ಮೀಟರ್ ಮತ್ತು ಮೈಲಿ ಓಟದ ಪುರಾವೆ ಸಾಲದೆಂಬ ಕಳವಳ ಬರೆದಿದೆ. ನನ್ನ ಹಾಳೆಯಲ್ಲಿ ಆ ಎರಡು ಓಟಗಳ ಮುಂದಿನ ಜಾಗ ಹೆಚ್ಚುಕಡಿಮೆ ಖಾಲಿ. ದ್ಯುತಿ ಅವಾರ್ಡಿನ ತರ್ಕವನ್ನು ಕಟ್ಟುನಿಟ್ಟಾಗಿ ಹಿಡಿದಿದ್ದರೆ, ಪುರಾವೆ ಇಲ್ಲದ ಕಡೆ ನಿಯಮ ನಿಲ್ಲಬಾರದಿತ್ತು. ಕಳವಳ ಬರೆದೂ ನಿಯಮವನ್ನು ಪೂರ್ತಿ ಉಳಿಸಿದ್ದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಸ್ವಿಸ್ ಫೆಡರಲ್ ನ್ಯಾಯಾಲಯ 2020ರಲ್ಲಿ ಆಕೆಯ ಮನವಿ ತಳ್ಳಿಹಾಕಿತು. ಮಧ್ಯಸ್ಥಿಕೆಯ ಅವಾರ್ಡನ್ನು ಅದು ಸಾರ್ವಜನಿಕ ನೀತಿಯ ಕಿರಿದಾದ ಕಿಂಡಿಯಲ್ಲಿ ಮಾತ್ರ ನೋಡುತ್ತದೆ.

ಇಷ್ಟನ್ನು ಒಳಗೊಂಡ ಪ್ರಬಂಧವನ್ನು ಮೊದಲು ಕಳಿಸಿದ ಜರ್ನಲ್ ವಾಪಸು ಮಾಡಿತು. ಇದು ಕ್ರೀಡೆಯ ವಿಷಯ, ಕಾನೂನು ಚಿಂತನೆಗೆ ಹೊಸದೇನನ್ನೂ ಸೇರಿಸುವುದಿಲ್ಲ ಎಂಬ ಒಂದೇ ಸಾಲು. ಈ ಮನೋಭಾವ ನಮ್ಮ ವಿದ್ವತ್ ಲೋಕದಲ್ಲಿ ಆಳವಾಗಿದೆ. ಆಸ್ತಿ ವಿವಾದ ಕಾನೂನು, ತೆರಿಗೆ ಕಾನೂನು, ಆಟ ಮಾತ್ರ ಆಟ. ಹದಿನೆಂಟರ ಹುಡುಗಿಯ ದೇಹ, ಖಾಸಗಿತನ, ದುಡಿಮೆ ಮೂರನ್ನೂ ಒಂದು ಖಾಸಗಿ ಸಂಸ್ಥೆ ಒಂದೇ ಪತ್ರದಲ್ಲಿ ಮುಟ್ಟಬಹುದಾದರೆ ಅದಕ್ಕಿಂತ ದೊಡ್ಡ ಕಾನೂನಿನ ಪ್ರಶ್ನೆ ಯಾವುದಿದೆ?

ಎರಡನೆಯ ಜರ್ನಲಿನ ಇಬ್ಬರು ಪರಿಶೀಲಕರಲ್ಲಿ ಒಬ್ಬರು ಮೆಚ್ಚಿ ಬರೆದಿದ್ದರು, ಅದರಿಂದ ಪ್ರಬಂಧಕ್ಕೆ ಏನೂ ಆಗಲಿಲ್ಲ. ಇನ್ನೊಬ್ಬರು ಪುಟಗಟ್ಟಲೆ ತಕರಾರು ಬರೆದಿದ್ದರು, ಪ್ರಬಂಧ ಬೆಳೆದದ್ದು ಅವರಿಂದ. ಪಕ್ಕದ ಲೇನಿನಲ್ಲಿ ಓಡುವ ಹೆಂಗಸರ ಹಕ್ಕು ಎಲ್ಲಿ ಎಂದು ಅವರು ಕೇಳಿದ್ದರು. ಮಹಿಳಾ ವಿಭಾಗ ಇರುವುದೇ ಅವರೂ ಗೆಲ್ಲಲಿ ಎಂದು. ಆ ಗೆರೆಯನ್ನು ಯಾರಾದರೂ ಎಳೆಯಲೇಬೇಕು. ಆ ಹಕ್ಕಿಗೆ ಪ್ರತ್ಯೇಕ ಅಧ್ಯಾಯವೇ ಬರೆದೆ. ಬರೆಯುತ್ತ ವಾದ ಇನ್ನಷ್ಟು ಬಿಗಿಯಾಯಿತು. ಗೆರೆ ಎಳೆಯುವ ಅಧಿಕಾರ ಒಕ್ಕೂಟಕ್ಕೆ ಇರಲಿ, ಆದರೆ ಎಳೆದ ಗೆರೆಗೆ ಪುರಾವೆ ಕೊಡುವ ಹೊಣೆ ಪಕ್ಕದ ಲೇನಿನವಳ ಹಕ್ಕಿನ ಹೆಸರಿನಲ್ಲೂ ತಪ್ಪುವುದಿಲ್ಲ. ಆ ಪರಿಶೀಲಕರು ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ. ಅವರಿಗೆ ನಾನು ಋಣಿ.

ಅವರದೇ ಇನ್ನೊಂದು ಟಿಪ್ಪಣಿ ಸಂಸ್ಕೃತಿಯ ಕಡೆಗೆ ನೋಡಿಸಿತು. 2011ರ ನಿಯಮದಲ್ಲಿ ಎಲ್ಲರನ್ನೂ ಪರೀಕ್ಷಿಸುತ್ತಿರಲಿಲ್ಲ, 'ಸಕಾರಣ ಅನುಮಾನ' ಇದ್ದವರನ್ನು ಮಾತ್ರ. ಅನುಮಾನ ಎಲ್ಲಿ ಹುಟ್ಟುತ್ತದೆ? ನೋಡುವವರ ಕಣ್ಣಿನಲ್ಲಿ. ಅಗಲ ಭುಜ, ದಪ್ಪ ದನಿ, ಚಿಕ್ಕ ಕೂದಲು, ಉದ್ದ ಹೆಜ್ಜೆ. ಹೆಣ್ಣು ಹೀಗಿರಬೇಕು ಎಂಬ ಕಲ್ಪನೆ ಹೀಗೆ ಕಾನೂನಿನ ಹಿಂಬಾಗಿಲಿನಿಂದ ಸೇರಿಕೊಳ್ಳುತ್ತದೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರಿನ ಬೆಳ್ಳಿ ಗೆದ್ದ ತಮಿಳುನಾಡಿನ ಶಾಂತಿ ಸೌಂದರರಾಜನ್ ಅವರಿಂದ ಲಿಂಗ ಪರೀಕ್ಷೆಯ ನಂತರ ಪದಕ ವಾಪಸು ಪಡೆದರು. ದ್ಯುತಿಗೆ ಸಿಕ್ಕಂತೆ ಲೂಸಾನಿನ ಪೀಠ, ಶುಲ್ಕ ಕೇಳದ ವಕೀಲರು, ತಜ್ಞ ಸಾಕ್ಷಿಗಳು ಶಾಂತಿಯವರಿಗೆ ಸಿಗಲಿಲ್ಲ. ಎರಡು ಪ್ರಕರಣಗಳ ನಡುವೆ ಹತ್ತು ವರ್ಷವೂ ಇಲ್ಲ. ಶಾಂತಿಯವರ ಹೆಸರನ್ನು ಅಡಿಟಿಪ್ಪಣಿಯಿಂದ ತೆಗೆದು ಪ್ರಬಂಧದ ಮೊದಲ ಪುಟಕ್ಕೆ ತಂದೆ.

ಉಪನ್ಯಾಸ ಕೊಟ್ಟಲ್ಲೆಲ್ಲ ಈಗ ಒಂದು ಪ್ರಶ್ನೆ ಬರುತ್ತದೆ: ದ್ಯುತಿಗೆ 2023ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ನಾಲ್ಕು ವರ್ಷ ನಿಷೇಧವಾಯಿತಲ್ಲ, ನಿಮ್ಮ ವಾದ ಬಿದ್ದುಹೋಗಲಿಲ್ಲವೇ? ಇಲ್ಲ. ಹೊರಗಿನಿಂದ ದೇಹಕ್ಕೆ ಸೇರಿದ್ದು ಬೇರೆ, ದೇಹವೇ ಹುಟ್ಟಿಸಿದ್ದು ಬೇರೆ. ಎರಡಕ್ಕೂ ನಿಯಮ ಬೇರೆ, ರುಜುವಾತಿನ ರೀತಿ ಬೇರೆ. ಒಂದರಲ್ಲಿ ತಪ್ಪಿತಸ್ಥರಾದವರು ಇನ್ನೊಂದರಲ್ಲಿ ನ್ಯಾಯ ಕೇಳುವ ಹಕ್ಕು ಕಳೆದುಕೊಳ್ಳುವುದಿಲ್ಲ. ಇದನ್ನು ಪ್ರತಿ ಸಲ ತಾಳ್ಮೆಯಿಂದ ವಿವರಿಸುತ್ತೇನೆ, ಯಾಕೆಂದರೆ ಪ್ರಶ್ನೆ ಕೇಳುವವರು ಆಟವನ್ನು ಪ್ರೀತಿಸುವವರೇ.

ಪ್ರಬಂಧ ಅಚ್ಚಿಗೆ ಹೋಗುವ ಹೊತ್ತಿಗೆ ಮತ್ತೆ ಎರಡು ಬೆಳವಣಿಗೆ. 2023ರ ಮಾರ್ಚಿನಲ್ಲಿ ಒಕ್ಕೂಟ ಮಿತಿಯನ್ನು 2.5 ನ್ಯಾನೋಮೋಲಿಗೆ ಇಳಿಸಿ ಎಲ್ಲ ಸ್ಪರ್ಧೆಗಳಿಗೂ ಹಬ್ಬಿಸಿತು. ಅದೇ ಜುಲೈನಲ್ಲಿ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯದ ಚೇಂಬರ್ ನಾಲ್ಕು–ಮೂರರ ಬಹುಮತದಲ್ಲಿ ಸೆಮೆನ್ಯಾ ಪರ ತೀರ್ಪು ಕೊಟ್ಟಿತು. ಸಂಪಾದಕರಲ್ಲಿ ಬೇಡಿಕೊಂಡು ಒಂದು ಅನುಬಂಧ ಸೇರಿಸಿದೆ. ಪ್ರಕಟವಾದ ಮೇಲೂ ಅದು ಮುಗಿಯಲಿಲ್ಲ. 2025ರ ಜುಲೈ 10ರಂದು ಅದೇ ನ್ಯಾಯಾಲಯದ ದೊಡ್ಡ ಪೀಠ, ಗ್ರ್ಯಾಂಡ್ ಚೇಂಬರ್, ಅಂತಿಮ ಮಾತು ಹೇಳಿತು. ತಾರತಮ್ಯ ಮತ್ತು ಖಾಸಗಿತನದ ದೂರುಗಳು ಸ್ವಿಟ್ಜರ್ಲೆಂಡಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ಅವನ್ನು ಬದಿಗಿಟ್ಟಿತು. ಚೇಂಬರ್ ಕೊಟ್ಟದ್ದರಲ್ಲಿ ದೊಡ್ಡ ಪಾಲು ಹೋಯಿತು. ಉಳಿದದ್ದು ಯುರೋಪಿನ ಮಾನವ ಹಕ್ಕು ಒಡಂಬಡಿಕೆಯ 6ನೇ ವಿಧಿ, ನ್ಯಾಯಯುತ ವಿಚಾರಣೆಯ ಹಕ್ಕು. ಅಥ್ಲೀಟಿಗೆ ಬೇರೆ ದಾರಿಯೇ ಇಲ್ಲದೆ ಕಡ್ಡಾಯವಾಗಿ ಹೋಗಬೇಕಾದ ಮಧ್ಯಸ್ಥಿಕೆಯ ಮೇಲೆ, ಅದೂ ದೇಹದ ಸಮಗ್ರತೆಯಂಥ ಹಕ್ಕು ಪಣಕ್ಕಿರುವಾಗ, ಸ್ವಿಸ್ ನ್ಯಾಯಾಲಯ ವಿಶೇಷ ಕಟ್ಟುನಿಟ್ಟಿನ ಪರಿಶೀಲನೆ ಮಾಡಬೇಕಿತ್ತು, ಮಾಡಲಿಲ್ಲ ಎಂದು ಹದಿನೈದು–ಎರಡರ ಬಹುಮತ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಸೆಮೆನ್ಯಾಗೆ ಕಳೆದುಹೋದ ವರ್ಷಗಳು ಬರಲಿಲ್ಲ. ಆದರೆ ಮುಂದಿನ ಅಥ್ಲೀಟಿಗೆ ಇದು ಸಣ್ಣ ಸಂಗತಿಯಲ್ಲ. 'ಯಾರ ಮುಂದೆ' ಎಂಬ ಪ್ರಶ್ನೆ ಕೊನೆಗೂ ನ್ಯಾಯಾಲಯದ ಬಾಯಿಂದಲೇ ಬಂತು.

ನಮ್ಮಲ್ಲೂ ಆಗಸ್ಟ್ 2025ರಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಅದರಲ್ಲಿ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎಂಬ ಹೊಸ ವೇದಿಕೆ ಇದೆ: ಒಬ್ಬ ಅಧ್ಯಕ್ಷರು, ಇಬ್ಬರು ಸದಸ್ಯರು, ಅಲ್ಲಿಂದ ಮೇಲ್ಮನವಿ ಸುಪ್ರೀಂ ಕೋರ್ಟಿಗೆ. ವರ್ಷಗಟ್ಟಲೆ ಸಿವಿಲ್ ಕೋರ್ಟಿನಲ್ಲಿ ಕೊಳೆಯುತ್ತಿದ್ದ ಆಯ್ಕೆಯ ತಕರಾರು, ಚುನಾವಣೆಯ ತಕರಾರು ಬೇಗ ಇತ್ಯರ್ಥವಾದರೆ ಒಳ್ಳೆಯದೇ. ಅಂತರರಾಷ್ಟ್ರೀಯ ಒಕ್ಕೂಟಗಳ ವ್ಯಾಪ್ತಿಗೆ ಸೇರಿದ ವಿವಾದಗಳು ಮಾತ್ರ ಹೊರಗೇ ಉಳಿಯುತ್ತವೆ. ಅದೇ ಸೆಪ್ಟೆಂಬರ್ 1ರಿಂದ ವಿಶ್ವಮಟ್ಟದ ಮಹಿಳಾ ಅಥ್ಲೆಟಿಕ್ಸ್‌ಗೆ ಎಸ್‌ಆರ್‌ವೈ (ಸಾಮಾನ್ಯವಾಗಿ ಗಂಡಸರ ವೈ ವರ್ಣತಂತುವಿನಲ್ಲಿರುವ) ವಂಶವಾಹಿಯ ಪರೀಕ್ಷೆ ಕಡ್ಡಾಯವಾಗಿದೆ. ಜೀವನದಲ್ಲಿ ಒಮ್ಮೆ, ಎಲ್ಲರಿಗೂ. ಕಣ್ಣಿನ ಅನುಮಾನಕ್ಕೆ ಜಾಗವಿಲ್ಲ ಎನ್ನುವುದು ಇದರಲ್ಲಿರುವ ಒಳ್ಳೆಯ ಅಂಶ. ಆದರೆ ವರದಿ ಬಂದ ಮೇಲೆ ಯಾರು ಏನನ್ನು ರುಜುವಾತು ಮಾಡಬೇಕು, ವರದಿ ಯಾರ ಕೈಯಲ್ಲಿರಬೇಕು?

ಈ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳಿಗೆ ಹಳೆಯ ಅಣಕು ವಾದ ಕೊಟ್ಟಿಲ್ಲ. ನಮ್ಮ ಹೊಸ ನ್ಯಾಯಮಂಡಳಿಗೆ ವಿಚಾರಣಾ ನಿಯಮಗಳ ಕರಡು ಬರೆಯಿರಿ ಎಂದಿದ್ದೇನೆ. ಒಂದು ಗುಂಪು ಬರೆದುಕೊಟ್ಟ ಮೂರನೆಯ ಕಲಮು ಹೀಗಿದೆ: "ಅರ್ಜಿದಾರರ ದೇಹಕ್ಕೆ ಸಂಬಂಧಿಸಿದ ಯಾವುದೇ ಅರ್ಹತಾ ನಿಯಮದ ಸಮರ್ಥನೆ ಸಂಸ್ಥೆಯ ಹೊಣೆ. ಸಂಸ್ಥೆ ಆಧಾರವಾಗಿಟ್ಟುಕೊಂಡ ಅಧ್ಯಯನದ ಮೂಲ ದತ್ತಾಂಶವನ್ನು, ಹೆಸರುಗಳನ್ನು ಮರೆಮಾಡಿ, ಅರ್ಜಿದಾರರ ತಜ್ಞರಿಗೆ ವಿಚಾರಣೆಗೆ ಮೂವತ್ತು ದಿನ ಮೊದಲು ಕೊಡತಕ್ಕದ್ದು." ಮೂವತ್ತು ದಿನ ಸಾಲದು, ತೊಂಬತ್ತು ಬೇಕು ಎಂದು ಇನ್ನೊಂದು ಗುಂಪು ಪಟ್ಟು ಹಿಡಿದಿದೆ. ಅಥ್ಲೀಟಿಗೆ ಒಂದು ಸೀಸನ್ ಎಂದರೆ ಎಷ್ಟು ತಿಂಗಳು ಎಂಬ ಲೆಕ್ಕ ಹಾಕಿಕೊಂಡು ಬರಲು ಎರಡೂ ಗುಂಪಿಗೆ ಹೇಳಿದ್ದೇನೆ.